ಉಸಿರಿನ ಸಾಕ್ಷ್ಯ

ಕುಡಿದು ವಾಹನ ಓಡಿಸಿದ ಮೊಕದ್ದಮೆಗಳ ಮಾತು ಬಂದಾಗಲೆಲ್ಲ ನಮ್ಮ ನಡುವೆಯೇ ಎರಡು ಪಕ್ಷಗಳಾಗುತ್ತವೆ. ಯಂತ್ರ ಹೇಳಿದ ಮೇಲೆ ಇನ್ನೇನು ವಿಚಾರಣೆ ಎನ್ನುವವರು ಒಂದು ಕಡೆ. ಊದಿಸಿ ನೋಡುವ ಒಂದು ಡಬ್ಬಿಯನ್ನು ನಂಬಿ ಒಬ್ಬನ ಲೈಸೆನ್ಸು ಕಿತ್ತುಕೊಳ್ಳುವುದೇ ಎನ್ನುವವರು ಇನ್ನೊಂದು ಕಡೆ. ಇಬ್ಬರೂ ಕಾನೂನಿನ ಒಂದು ಪದವನ್ನು ಅವಸರದಲ್ಲಿ ದಾಟಿಹೋಗಿದ್ದಾರೆಂದು ನಮ್ಮ ಅನಿಸಿಕೆ. ಆ ಪದ 'ಗ್ರಾಹ್ಯ'.

1988ರ ಮೋಟಾರು ವಾಹನ ಕಾಯ್ದೆಯ 185ನೆಯ ಕಲಮಿನ ಪ್ರಕಾರ 100 ಮಿಲಿಲೀಟರ್ ರಕ್ತದಲ್ಲಿ ಮದ್ಯ 30 ಮಿಲಿಗ್ರಾಂ ಮೀರಿದರೆ ಅಪರಾಧ. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೇ ಆರು ತಿಂಗಳವರೆಗಿನ ಸೆರೆಮನೆ, ಇಲ್ಲವೆ 10,000 ರೂಪಾಯಿ ದಂಡ, ಅಥವಾ ಎರಡೂ. ಉಸಿರು ಪರೀಕ್ಷೆಯ ಫಲಿತಾಂಶ ಸಾಕ್ಷ್ಯವಾಗಿ ಗ್ರಾಹ್ಯವೆಂದು 203ನೆಯ ಕಲಮು ಸ್ಪಷ್ಟವಾಗಿ ಹೇಳುತ್ತದೆ. ಅಂದರೆ ನ್ಯಾಯಾಲಯದ ಹೊಸ್ತಿಲು ದಾಟಲು ಅದಕ್ಕೆ ಅಪ್ಪಣೆಯುಂಟು, ಅಷ್ಟೇ. ಒಳಗೆ ಬಂದ ಸಾಕ್ಷಿಯ ಮಾತನ್ನು ಎಷ್ಟು ನಂಬಬೇಕೆಂಬುದು ಬೇರೆಯೇ ಪ್ರಶ್ನೆ. ಅದೇ ಕಲಮಿನ ವಿವರಣೆಯನ್ನು ಓದಿದರೆ, ಉಸಿರು ಪರೀಕ್ಷೆಯೆಂದರೆ ರಕ್ತದಲ್ಲಿ ಮದ್ಯವಿರುವುದರ 'ಸೂಚನೆ'ಯನ್ನು ಪಡೆಯುವ ಪರೀಕ್ಷೆ. ಅದೂ ಕೇಂದ್ರ ಸರ್ಕಾರ ಒಪ್ಪಿದ ಬಗೆಯ ಸಾಧನದಿಂದ. ಒಂದು ಕಲಮು ಮಿಲಿಗ್ರಾಮಿನ ಅಳತೆ ಕೇಳುತ್ತದೆ, ಇನ್ನೊಂದು ಬರಿಯ ಸೂಚನೆಯ ಮಾತಾಡುತ್ತದೆ.

ಈ ಬಿರುಕು ಬರಿಯ ವಕೀಲರ ಜಾಣ್ಮೆಯಲ್ಲ. ಬ್ರೆತ್ ಅನಲೈಸರ್ ರಕ್ತವನ್ನು ನೋಡುವುದೇ ಇಲ್ಲ. ಉಸಿರಿನಲ್ಲಿರುವ ಮದ್ಯವನ್ನು ಅಳೆದು, ಸಾಮಾನ್ಯವಾಗಿ 2100ರಿಂದ ಗುಣಿಸಿ, ರಕ್ತದಲ್ಲಿ ಇಷ್ಟಿರಬೇಕೆಂದು ಲೆಕ್ಕ ಕೊಡುತ್ತದೆ. ಆ ಗುಣಕ ಒಂದು ಸರಾಸರಿ. ಆಳಿನಿಂದ ಆಳಿಗೆ, ಮೈಬಿಸಿಗೆ ತಕ್ಕಂತೆ, ಅದು ಬದಲಾಗುತ್ತದೆ. ಇನ್ನು ಬಾಯಲ್ಲೇ ಉಳಿದ ಮದ್ಯದ ಅಂಶ ಯಂತ್ರವನ್ನು ದಾರಿ ತಪ್ಪಿಸುವುದುಂಟು. 2025ರಲ್ಲಿ ಕೇರಳದ ಪಂದಳದ ಸರ್ಕಾರಿ ಬಸ್ ಡಿಪೋದಲ್ಲಿ ಕುಡಿಯದ ಚಾಲಕರು ಹಲಸಿನ ತೊಳೆ ತಿಂದು ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ಸುದ್ದಿಯನ್ನು ಓದಿ ನಾವೆಲ್ಲ ನಕ್ಕೆವು. ಹಲಸಿನ ಬದಲು ಕೆಮ್ಮಿನ ಔಷಧಿಯಾಗಿದ್ದು, ಡಿಪೋದ ಬದಲು ನಡುರಾತ್ರಿಯ ಹೆದ್ದಾರಿಯ ನಾಕಾಬಂದಿಯಾಗಿದ್ದರೆ ಆ ನಗು ಎಲ್ಲಿರುತ್ತಿತ್ತು? ಹದಿನೈದು ನಿಮಿಷ ಕಾದು ಮತ್ತೆ ಊದಿಸಿದರೆ ಈ ತೊಡಕು ಬಹುಮಟ್ಟಿಗೆ ಕಳೆಯುತ್ತದೆ. ಆ ಕಾಯುವ ತಾಳ್ಮೆ ನಾಕಾಬಂದಿಯಲ್ಲಿ ಇರುವುದು ಅಪರೂಪ.

ನ್ಯಾಯಾಲಯಗಳು ಇದನ್ನು ಗಮನಿಸದೆ ಬಿಟ್ಟಿಲ್ಲ. ಬಚ್ಚೂಭಾಯಿ ಕರ್ಯಾಣಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1971ರಷ್ಟು ಹಿಂದೆಯೇ, ಬಾಯಿಯ ವಾಸನೆ, ತೂರಾಡುವ ನಡಿಗೆ, ಹಿಗ್ಗಿದ ಕಣ್ಣಪಾಪೆಗಳಿಂದಲೇ ಕುಡಿದಿದ್ದನೆಂದು ನಿರ್ಣಯಿಸಲಾಗದೆಂದು ಹೇಳಿತ್ತು. ಪಾನನಿಷೇಧವಿರುವ ಬಿಹಾರದ ಹೈಕೋರ್ಟು ಈಚೆಗೆ ಅದನ್ನೇ ಆಧರಿಸಿ, ರಕ್ತ ಅಥವಾ ಮೂತ್ರದ ಪರೀಕ್ಷೆಯಿಲ್ಲದ ಬರಿಯ ಉಸಿರಿನ ವರದಿ ನಿರ್ಣಾಯಕವಲ್ಲವೆಂದಿತು. ಕೇರಳ ಹೈಕೋರ್ಟು ಇನ್ನೂ ವ್ಯಾವಹಾರಿಕವಾಗಿ ಯೋಚಿಸಿದೆ: ಆರೋಪಿ ಊದುವ ಮುನ್ನ ಖಾಲಿ ಗಾಳಿಯಲ್ಲಿ ಯಂತ್ರ ಸೊನ್ನೆ ತೋರಿಸಿತ್ತೆ? ತೋರಿಸದಿದ್ದರೆ ಮುಂದಿನ ಅಂಕಿಯನ್ನು ನೆಚ್ಚಲಾಗದು. ತಕ್ಕಡಿಯ ತಟ್ಟೆ ಖಾಲಿಯಿರುವಾಗ ಮುಳ್ಳು ಎಲ್ಲಿದೆಯೆಂದು ಸಂತೆಯಲ್ಲಿ ಯಾರಾದರೂ ನೋಡುತ್ತಾರೆ.

ಹಾಗಾದರೆ ರಕ್ತಪರೀಕ್ಷೆಯೊಂದೇ ಸಾಕೆ? ಮುಂಬಯಿ-ಪುಣೆಯಲ್ಲಿ ಬದುಕುವ ನಾವು ಹಾಗೆನ್ನಲಾರೆವು. ಬಾಂದ್ರಾದಲ್ಲಿ 2002ರ ಸೆಪ್ಟೆಂಬರಿನಲ್ಲಿ ಕಾಲುದಾರಿಯಲ್ಲಿ ಮಲಗಿದ್ದವರ ಮೇಲೆ ಕಾರು ಹರಿದ ಪ್ರಕರಣದಲ್ಲಿ ಸಲ್ಮಾನ್ ಖಾನರನ್ನು 2015ರಲ್ಲಿ ಬಿಡುಗಡೆ ಮಾಡುವಾಗ, ರಕ್ತದ ಮಾದರಿ ಕೈಯಿಂದ ಕೈಗೆ ಸಾಗಿದ ರೀತಿಯನ್ನೇ ಬಾಂಬೆ ಹೈಕೋರ್ಟು ಶಂಕಿಸಿತು. ಪುಣೆಯ ಕಲ್ಯಾಣಿನಗರದಲ್ಲಿ 2024ರ ಮೇ ತಿಂಗಳಲ್ಲಿ ಇಬ್ಬರು ತರುಣ ಇಂಜಿನಿಯರುಗಳು ಸತ್ತಾಗ, ಚಾಲಕನಾಗಿದ್ದ ಹುಡುಗನ ರಕ್ತವನ್ನೇ ಬದಲಾಯಿಸಿದರೆಂಬ ಆರೋಪದಲ್ಲಿ ವೈದ್ಯರು ಬಂಧಿತರಾದರು. ರಕ್ತದ ಶೀಶೆಯನ್ನು ಬದಲಾಯಿಸಬಹುದು. ರಸ್ತೆಯಲ್ಲಿ ಆ ಕ್ಷಣ ಊದಿದ ಉಸಿರನ್ನು ಬದಲಾಯಿಸುವುದು ಅಷ್ಟು ಸುಲಭವಲ್ಲ. ಅಲ್ಲದೆ ರಕ್ತದ ಮದ್ಯ ಗಂಟೆಗೆ ಸುಮಾರು 15 ಮಿಲಿಗ್ರಾಮಿನಂತೆ ಇಳಿಯುತ್ತದೆ. 60 ಇದ್ದವನು ಆಸ್ಪತ್ರೆಯ ಬಾಗಿಲಲ್ಲಿ ಎರಡು ಮೂರು ಗಂಟೆ ಕಳೆದರೆ ಕಾನೂನಿನ ಗೆರೆಯ ಕೆಳಗಿಳಿದು ಮನೆಗೆ ಹೋಗುತ್ತಾನೆ.

ಆದ್ದರಿಂದ ಉಸಿರಿನ ಫಲಿತಾಂಶ ಗ್ರಾಹ್ಯವಾಗಿಯೇ ಇರಲಿ, ಆದರೆ ಪೂರ್ತಿ ಚರಿತ್ರೆಯೊಡನೆ ಬರಲಿ. ಮುದ್ರಿತ ಚೀಟಿಯಲ್ಲಿ ಯಂತ್ರದ ಸಂಖ್ಯೆ, ವೇಳೆ, ಸೊನ್ನೆಯ ಅಂಕಿ, ಎರಡು ಸಲ ಊದಿದ ಅಳತೆ ಎಲ್ಲವೂ ಇರಬೇಕು. ಬ್ರಿಟನ್ನಿನಲ್ಲಿ ಠಾಣೆಯ ಯಂತ್ರದ ಎರಡು ಅಳತೆಗಳಲ್ಲಿ ಕಡಿಮೆಯದನ್ನೇ ಗಣಿಸುತ್ತಾರೆ, ನಮಗೇಕೆ ಬೇಡ? ರಕ್ತ ಕೊಡಿಸುವ ಅಧಿಕಾರವನ್ನು ನಮ್ಮ 204ನೆಯ ಕಲಮು ಪೊಲೀಸರ ಕೈಗಿತ್ತಿದೆ. ಆರೋಪಿಯೇ ಅದನ್ನು ಕೇಳಿ ಪಡೆಯುವ ಹಕ್ಕು ಅಲ್ಲಿ ಕಾಣುವುದಿಲ್ಲ. ಅದು ಬರಬೇಕು. ಪರೀಕ್ಷೆಗೆ ಒಲ್ಲೆನೆಂದವನ ನಿರಾಕರಣೆಯನ್ನೇ ಅವನ ವಿರುದ್ಧ ಪರಿಗಣಿಸಲು 205ನೆಯ ಕಲಮು ಅವಕಾಶ ಕೊಡುವಾಗ, ಪರೀಕ್ಷೆ ಬೇಕೆಂದವನಿಗೆ ಅದು ಸಿಗದಿರುವುದು ವಿಚಿತ್ರ.

ಇದೆಲ್ಲ ಮ್ಯಾಜಿಸ್ಟ್ರೇಟರ ಮುಂದೆ ವಾದಿಸುವವರಿಗಾಯಿತು. ದಿನಗೂಲಿ ಕಳೆದುಕೊಳ್ಳಲಾರದ ಟೆಂಪೋ ಚಾಲಕ ತಪ್ಪೊಪ್ಪಿ ದಂಡ ಕಟ್ಟಿ ಹೊರಡುತ್ತಾನೆ. ಅವನ ಯಂತ್ರವನ್ನು ಯಾರೂ ಪ್ರಶ್ನಿಸುವುದಿಲ್ಲ. ಕಲಬುರಗಿಯಿಂದಲೋ ವಿಜಯಪುರದಿಂದಲೋ ಈ ಊರುಗಳಿಗೆ ದುಡಿಯಲು ಬಂದ ನಮ್ಮವರಲ್ಲಿ ಅಂಥವರು ಬಹಳ. ಆ ಚೀಟಿಯ ಮೇಲೆ ಸಹಿ ಹಾಕಿಸಿಕೊಳ್ಳುವ ಮೊದಲು, ಅದರಲ್ಲಿ ಏನಿದೆಯೆಂದು ಅವನಿಗೆ ತಿಳಿಯುವ ಭಾಷೆಯಲ್ಲಿ ಓದಿ ಹೇಳುವ ನಿಯಮವನ್ನಾದರೂ ನಾವು ಕೇಳಬೇಕು.