ವಿಷ ಇಳಿದ ಮೇಲೂ ಜ್ವರವೇಕೆ?

ಮುಂಗಾರು ಬಿದ್ದೊಡನೆ ಹಿಟ್ನಾಳ, ಗಂಗಾವತಿ ಕಡೆಯ ಹೊಲಗದ್ದೆಗಳಲ್ಲಿ ಕೆಲಸದ ಜೊತೆಗೆ ಹಾವಿನ ಭಯವೂ ಶುರುವಾಗುತ್ತದೆ. ಹಾವು ಕಚ್ಚಿದ ಮಗುವನ್ನು ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕೆಂಬುದು ಬಹಳಷ್ಟು ಪಾಲಕರಿಗೆ ಗೊತ್ತು. ಆದರೆ ಗುಣವಾಗಿ ಮನೆಗೆ ಬಂದ ಮಗುವಿಗೆ ವಾರದ ಮೇಲೆ ಜ್ವರ ಬಂದರೆ? ‘ವಿಷ ಪೂರ್ತಿ ಇಳಿದಿಲ್ಲ’ ಎಂದು ಮಂತ್ರ ಹಾಕುವವರ ಬಳಿ ಓಡುವವರುಂಟು. ಆ ಜ್ವರ ವಿಷದ್ದಲ್ಲ, ಮದ್ದಿನದಿರಬಹುದು.

ಈ ಮದ್ದು ತಯಾರಾಗುವುದು ಕುದುರೆಯ ರಕ್ತದಿಂದ. ಕುದುರೆಗೆ ಸ್ವಲ್ಪಸ್ವಲ್ಪವೇ ವಿಷ ಚುಚ್ಚಿದಾಗ ಅದರ ರಕ್ತದಲ್ಲಿ ವಿಷವನ್ನು ಎದುರಿಸುವ ಪ್ರತಿಕಾಯಗಳು ಹುಟ್ಟುತ್ತವೆ. ಅವನ್ನು ಬೇರ್ಪಡಿಸಿ, ಶುದ್ಧಗೊಳಿಸಿ ರೋಗಿಯ ರಕ್ತನಾಳಕ್ಕೆ ಹನಿಸುತ್ತಾರೆ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೂ ನಮ್ಮ ದೇಶದಲ್ಲಿ ಒಂದೇ ಮದ್ದು. ಮಕ್ಕಳಿಗೂ ದೊಡ್ಡವರಷ್ಟೇ ಪ್ರಮಾಣ. ಚಿಕ್ಕ ಮಗುವೆಂದು ಹಾವು ಕಡಿಮೆ ವಿಷ ಬಿಡುವುದಿಲ್ಲವಲ್ಲ!

ಕುದುರೆಯ ಪ್ರೋಟೀನು ನಮ್ಮ ದೇಹಕ್ಕೆ ಪರಕೀಯ. ಅದಕ್ಕಾಗಿ ಕೆಲವರಲ್ಲಿ ಮದ್ದು ಹನಿಸುತ್ತಿರುವಾಗಲೇ ತುರಿಕೆ, ದದ್ದು, ವಾಂತಿ, ಚಳಿಜ್ವರ ಕಾಣಿಸಿಕೊಳ್ಳುತ್ತವೆ. ಉಸಿರು ಕಟ್ಟಿ ರಕ್ತದೊತ್ತಡ ಕುಸಿಯುವುದೂ ಉಂಟು. ಆಗ ವೈದ್ಯರು ತೊಡೆಗೆ ಅಡ್ರಿನಲಿನ್ ಚುಚ್ಚುಮದ್ದು ಕೊಡುತ್ತಾರೆ. ಈ ಮದ್ದನ್ನು ಆಸ್ಪತ್ರೆಯಲ್ಲೇ ಕೊಡಬೇಕೆನ್ನುವುದು ಇದಕ್ಕಾಗಿಯೇ.

ಎರಡನೆಯ ತೊಂದರೆ ತಡವಾಗಿ, ಸಾಮಾನ್ಯವಾಗಿ ಒಂದು ವಾರದ ಹೊತ್ತಿಗೆ ಬರುತ್ತದೆ. ಜ್ವರ, ಕೀಲುನೋವು, ತುರಿಕೆ, ಮೈಮೇಲೆ ದದ್ದು ಅದರ ಲಕ್ಷಣಗಳು. ದೇಹವು ಕುದುರೆಯ ಪ್ರೋಟೀನಿನ ವಿರುದ್ಧ ತನ್ನದೇ ಪ್ರತಿಕಾಯ ತಯಾರಿಸಲು ಅಷ್ಟು ದಿನ ಬೇಕು. ಇವೆರಡೂ ಕೂಡಿಕೊಂಡು ಚರ್ಮ, ಕೀಲುಗಳಲ್ಲಿ ತಂಗಿ ಉರಿಯೂತ ತರುತ್ತವೆ. ಗಂಟಲಮಾರಿಗೂ ಆಗ ಕುದುರೆಯ ಸೀರಮ್ಮೇ ಮದ್ದಾಗಿತ್ತು. ಸೀರಮ್ ಪಡೆದ ಮಕ್ಕಳಲ್ಲಿ ಇದನ್ನು ಗುರುತಿಸಿದ ವಿಯೆನ್ನಾದ ವೈದ್ಯರಾದ ಪಿರ್ಕೆ ಮತ್ತು ಶಿಕ್ 1905ರಲ್ಲೇ ‘ಸೀರಮ್ ಕಾಯಿಲೆ’ ಎಂದು ಹೆಸರಿಟ್ಟು ವಿವರಿಸಿದ್ದರು.

ಹೆದರಬೇಕಿಲ್ಲ, ಸೂಕ್ತ ಔಷಧಿಯಿಂದ ಇದು ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಇಳಿಯುತ್ತದೆ. ಆದರೆ ಕಚ್ಚಿದ ಗಾಯ ಕೀವಾದರೂ ಜ್ವರ ಬರುತ್ತದೆ. ಯಾವುದೆಂದು ನಿರ್ಧರಿಸಬೇಕಾದವರು ವೈದ್ಯರು. ಆದ್ದರಿಂದ ಆಸ್ಪತ್ರೆಯ ಚೀಟಿಯನ್ನು ಜೋಪಾನವಾಗಿಡಬೇಕು. ಎರಡು ವಾರ ಮಗುವಿನ ಮೇಲೆ ಕಣ್ಣಿಟ್ಟು, ಜ್ವರ ಬಂದರೆ ಚೀಟಿಯೊಡನೆ ಮತ್ತೆ ಅಲ್ಲಿಗೇ ಹೋಗಬೇಕು. ಶಾಲೆಗೆ ಹೋಗುವ ಅಣ್ಣನೋ ಅಕ್ಕನೋ ಮದ್ದು ಕೊಟ್ಟ ತಾರೀಖನ್ನು ಬರೆದಿಟ್ಟರೂ ದೊಡ್ಡ ಉಪಕಾರ.

ಅಡ್ಡಪರಿಣಾಮಕ್ಕೆ ಅಂಜಿ ಮದ್ದನ್ನೇ ಬೇಡವೆನ್ನುವುದು ಮಾತ್ರ ಸಲ್ಲದು. ಮದ್ದಿನ ತೊಂದರೆಗೆ ವೈದ್ಯರ ಬಳಿ ಉಪಾಯವಿದೆ. ಮೈಗೇರಿದ ಹಾವಿನ ವಿಷಕ್ಕೆ ಇದೊಂದೇ ಮದ್ದು.