ಅಕ್ಷರಗಳ ಮನೆವಾರ್ತೆ

ಬಟ್ಟೆಯ ಪೆಟ್ಟಿಗೆಯನ್ನು ಅಚ್ಚುಕಟ್ಟಾಗಿ ಇಡುವ ಹುಡುಗಿಯೇ ಮನೆಯ ಕಂಪ್ಯೂಟರಿನಲ್ಲಿ ಫಾಂಟುಗಳನ್ನು, ಎಂದರೆ ಅಕ್ಷರಗಳ ಅಚ್ಚುಗಳನ್ನು, ಲೆಕ್ಕವಿಲ್ಲದೆ ಕೂಡಿಹಾಕುವದುಂಟು. ಆಮಂತ್ರಣಪತ್ರಕ್ಕೊಂದು, ಹುಟ್ಟುಹಬ್ಬಕ್ಕೊಂದು, ಹೀಗೆ ನೂರಾರು ಸೇರಿ, ಬೇಕಾದದ್ದನ್ನು ಹುಡುಕುವದರಲ್ಲಿಯೇ ಹೊತ್ತು ಕಳೆಯುವದು. ಇವುಗಳನ್ನು ಕಡಿಮೆಮಾಡಬೇಕೆಂಬದು ಸರಿಯೇ. ಆದರೆ ಕಸವನ್ನು ಹೊರಗೆ ಹಾಕುವದಕ್ಕೆ ಮುಂಚೆ ಅದರೊಳಗೆ ಕಾಳು ಉಂಟೋ ಎಂದು ನೋಡುವದು ಜಾಣೆಯ ಲಕ್ಷಣವು. ನಾನು ಆ ಜಾಣತನವನ್ನು ತೋರಿಸಲಿಲ್ಲ.

ಕೆಲವು ವರುಷಗಳ ಕೆಳಗೆ, ಬೇಸಿಗೆಯ ರಜದಲ್ಲಿ, ಹಳೆಯ ಕನ್ನಡ ಫಾಂಟೊಂದನ್ನು ಅನಾವಶ್ಯಕವೆಂದು ಅಳಿಸಿಬಿಟ್ಟೆನು. ನನ್ನ ತಾಯಿಯವರು ತಮ್ಮ ಬಾಲ್ಯದ ಸಂಗತಿಗಳನ್ನು ಹೇಳಲು ನಾನು ಬೆರಳಚ್ಚು ಮಾಡಿಟ್ಟಿದ್ದ ಬರಹವನ್ನು ತಿಂಗಳಾದ ಮೇಲೆ ತೆರೆದೆನು. ಕನ್ನಡದ ಒಂದಕ್ಷರವೂ ಇರಲಿಲ್ಲ. ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಅರ್ಥವಿಲ್ಲದೆ ಸಾಲುಗಟ್ಟಿ ನಿಂತಿದ್ದವು. ತಿರಿಗಿ ಕೇಳಿ ಬರೆದುಕೊಳ್ಳೋಣವೆಂದರೆ ತಾಯಿಯವರು ಆಗಲೇ ತೀರಿಕೊಂಡಿದ್ದರು.

ಕಾರಣವಿಷ್ಟೇ. ಕಂಪ್ಯೂಟರು ಅಕ್ಷರಗಳನ್ನು ಅಂಕೆಗಳಾಗಿ ಕಾದಿಡುವದು. ಹಳೆಯ ಪದ್ಧತಿಯ ಕನ್ನಡ ಫಾಂಟುಗಳು ಇಂಗ್ಲಿಷ್ ಅಕ್ಷರಗಳಿಗೂ ಚಿಹ್ನೆಗಳಿಗೂ ಸೇರಿದ ಅಂಕೆಗಳನ್ನೇ ಎರವಲು ಪಡೆದು, ಅವುಗಳ ಮೇಲೆ ಕನ್ನಡದ ರೂಪವನ್ನು ಹೊದಿಸಿದವು. ಹೊದಿಕೆಯನ್ನು ತೆಗೆದಾಗ ಒಳಗಿನದೇ ಕಾಣಿಸುವದು. ಯುನಿಕೋಡ್ ಪದ್ಧತಿಯಲ್ಲಾದರೋ ಕನ್ನಡಕ್ಕೆಂದೇ 128 ಸ್ಥಾನಗಳು ಮೀಸಲಾಗಿವೆ. ಒಂದು ಫಾಂಟು ಹೋದರೂ ಇನ್ನೊಂದು ಅದೇ ಬರಹವನ್ನು ತೋರಿಸಬಲ್ಲದು. ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ 1894ರಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟನ್ನು ಓದುವದಕ್ಕೆ ಈಗ ಆ ಅಚ್ಚುಮೊಳೆಗಳು ಬೇಕಿಲ್ಲ. ಮಸಿಯು ಕಾಗದದ ಮೇಲೆ ನಿಂತಿದೆ. ಕಂಪ್ಯೂಟರಿನ ಪುಟವಾದರೋ ತೆರೆದಾಗಲೆಲ್ಲಾ ಹೊಸದಾಗಿ ಅಚ್ಚಾಗುವದು. ಮೊಳೆಯಿಲ್ಲದಿದ್ದರೆ ಪುಟವೂ ಇಲ್ಲ.

ಆದಕಾರಣ ನನ್ನ ಅಭಿಪ್ರಾಯವೇನಂದರೆ, ಬರಹಗಳನ್ನು ಮೊದಲು ಕಾಪಾಡಿ, ಅನಂತರವೇ ಫಾಂಟುಗಳನ್ನು ತೆಗೆಯತಕ್ಕದ್ದು. ಹಳೆಯ ಬರಹಗಳು ಯಾವ ಯಾವ ಫಾಂಟಿನಲ್ಲಿವೆಯೆಂದು ಪಟ್ಟಿಮಾಡಿರಿ. ಅವುಗಳನ್ನು ಯುನಿಕೋಡಿಗೆ ಮಾರ್ಪಡಿಸಿ, ಒತ್ತಕ್ಷರಗಳೂ ಅರ್ಕಾವತ್ತುಗಳೂ ಕೆಟ್ಟಿಲ್ಲವೆಂದು ಕಣ್ಣಾರೆ ಓದಿ ನೋಡಿರಿ. ಮೂಲ ಬರಹವನ್ನೂ ಫಾಂಟಿನ ಒಂದು ಪ್ರತಿಯನ್ನೂ ಬೇರೆ ಕಡೆಯಲ್ಲಿ ಇಡಿರಿ. ಆ ಮೇಲೆ ಬೇಡವಾದವುಗಳನ್ನು ತೆಗೆಯಿರಿ. ಯಂತ್ರದೊಡನೆಯೇ ಬಂದವುಗಳನ್ನು ಮಾತ್ರ ಮುಟ್ಟಬೇಡಿರಿ. ದಿನದ ಬರವಣಿಗೆಗೆ ಎರಡು ಮೂರು ಒಳ್ಳೆಯ ಕನ್ನಡ ಫಾಂಟುಗಳು ಸಾಕು. ಇದಕ್ಕೆಲ್ಲಾ ಸಮಯವೆಲ್ಲಿಯದು ಎನ್ನುವವರುಂಟು. ಕಳೆದದ್ದನ್ನು ಹುಡುಕುವದಕ್ಕೆ ಇದಕ್ಕಿಂತಲೂ ಹೆಚ್ಚು ಸಮಯ ಬೇಕೆಂದು ನಾನು ಬಲ್ಲೆನು.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಮನೆಯಲ್ಲಿದ್ದ ಹಳೆಯ ಕಂಪ್ಯೂಟರಿನಲ್ಲಿ ಆ ಫಾಂಟು ಉಳಿದಿತ್ತು. ಅವಳು ಅದನ್ನು ತಂದುಕೊಟ್ಟ ಸಾಯಂಕಾಲ ತಾಯಿಯವರ ಮಾತುಗಳು ತಿರಿಗಿ ಕನ್ನಡವಾದವು. ಎಲ್ಲರಿಗೂ ಅಂಥ ಅದೃಷ್ಟವು ಒದಗುವದೆಂದು ಹೇಳಲಾಗದು. ಈ ರಜದಲ್ಲಿ ಮನೆಗೆ ಹೋದಾಗ, ನಿಮ್ಮ ಹಿರಿಯರ ಹಳೆಯ ಬರಹವೊಂದನ್ನಾದರೂ ತೆರೆದು ನೋಡಿರಿ.