ಸೊಸೈಟಿ ಅಕ್ಕಿಯಲ್ಲಿರೋದು ಪ್ಲಾಸ್ಟಿಕ್ ಅಲ್ಲ, ಕಬ್ಬಿಣಾಂಶ: ಆರಿಸಿ ಎಸೆದ್ರೆ ನಷ್ಟ ಯಾರಿಗೆ?

ರೇಷನ್ ಅಕ್ಕಿ ಮನೆಗೆ ಬಂದ ಮೇಲೆ ಹೆಂಗಸರು ಮೊರ ಹಿಡಿದು ಕೂರೋದು ಈಗ ಕಲ್ಲು ಆರಿಸೋಕಷ್ಟೇ ಅಲ್ಲ. ಬಣ್ಣ ಸ್ವಲ್ಪ ಬೇರೆ ಇರೋ, ನೀರಿಗೆ ಹಾಕಿದ್ರೆ ಕೆಲವು ತೇಲೋ ಕಾಳುಗಳನ್ನು 'ಪ್ಲಾಸ್ಟಿಕ್ ಅಕ್ಕಿ' ಅಂತ ಆರಿಸಿ ಎಸೆಯೋದು ಹಳ್ಳಿ, ಪಟ್ಟಣ ಎರಡೂ ಕಡೆ ನಡೀತಿದೆ. ಅನ್ನದ ಉಂಡೆ ನೆಲಕ್ಕೆ ಹೊಡೆದು ಪುಟಿಸೋ ವಿಡಿಯೋಗಳೂ ವಾಟ್ಸಾಪ್‌ನಲ್ಲಿ ಓಡಾಡಿವೆ. ಗಟ್ಟಿಯಾಗಿ ಕಟ್ಟಿದ್ರೆ ಯಾವ ಅಕ್ಕಿಯ ಅನ್ನದ ಉಂಡೆಯಾದ್ರೂ ಪುಟಿಯುತ್ತೆ, ಅದು ಬೇರೆ ಮಾತು.

ಅಸಲಿಗೆ ಅದು ಸಾರವರ್ಧಿತ ಅಕ್ಕಿಯ ಕಾಳು. ಅಕ್ಕಿ ಹಿಟ್ಟಿಗೆ ಕಬ್ಬಿಣಾಂಶ, ಫೋಲಿಕ್ ಆಮ್ಲ, ವಿಟಮಿನ್ ಬಿ12 ಕಲಸಿ, ಯಂತ್ರದಲ್ಲಿ ಒತ್ತಿ ಅಕ್ಕಿಯ ಆಕಾರ ಕೊಡ್ತಾರೆ. 100 ಕಾಳಿಗೆ 1ರಂತೆ ಬೆರೆಸ್ತಾರೆ. ಅಂದ್ರೆ ಆ ಒಂದನ್ನು ಎಸೆದ್ರೆ ಸೇರಿಸಿದ್ದು ಪೂರ್ತಿ ಹೋಯ್ತು.

ಇದರ ಅಗತ್ಯ ಸಣ್ಣದಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 47.8 ಮಂದಿಗೆ ರಕ್ತಹೀನತೆ. ಹಿಂದಿನ ಸಮೀಕ್ಷೆಗಿಂತ ಜಾಸ್ತಿ. ಐದು ವರ್ಷದೊಳಗಿನ ಮಕ್ಕಳಲ್ಲಂತೂ ಶೇ 65 ದಾಟಿದೆ. ಸುಸ್ತು, ಮೆಟ್ಟಿಲು ಹತ್ತಿದ್ರೆ ಏದುಸಿರು, ಮಕ್ಕಳಿಗೆ ಪಾಠದ ಮೇಲೆ ಗಮನ ನಿಲ್ಲದಿರೋದು, ಹೆರಿಗೆಯಲ್ಲಿ ರಕ್ತ ಹೋದ್ರೆ ಜೀವಕ್ಕೇ ಕುತ್ತು.

ಹಾಗಂತ ಅಕ್ಕಿಯೊಂದೇ ಸಾಕಾ? ಲೆಕ್ಕ ಹಾಕಿ ನೋಡಿ. ನಿಯಮದಂತೆ ಕೆಜಿಗೆ 28ರಿಂದ 42.5 ಮಿಲಿಗ್ರಾಂ ಕಬ್ಬಿಣಾಂಶ ಇರಬೇಕು. ತಿಂಗಳಿಗೆ 5 ಕೆಜಿ ತಿಂದ್ರೆ ದಿನಕ್ಕೆ ಸಿಗೋದು 5ರಿಂದ 7 ಮಿಲಿಗ್ರಾಂ. ಹೆಂಗಸಿಗೆ ದಿನಕ್ಕೆ ಬೇಕಾಗಿರೋದು 29. ಸಿಕ್ಕಿದ್ದರಲ್ಲೂ ಮೈಗೆ ಹತ್ತೋದು ಸ್ವಲ್ಪವೇ, ಊಟದ ಬೆನ್ನಲ್ಲೇ ಟೀ ಕುಡಿದ್ರೆ ಇನ್ನೂ ಕಮ್ಮಿ. ಸೊಪ್ಪು, ಕಾಳು, ಸಾರಿಗೆ ಹಿಂಡೋ ನಿಂಬೆಹಣ್ಣು, ಆಶಾ ಕಾರ್ಯಕರ್ತೆ ಕೊಡೋ ಮಾತ್ರೆ ಯಾವುದನ್ನೂ ಈ ಅಕ್ಕಿ ನೆಪದಲ್ಲಿ ಬಿಡೋ ಹಾಗಿಲ್ಲ. ಥಲಸ್ಸೇಮಿಯಾ ಇರೋರು ಮಾತ್ರ ಡಾಕ್ಟರನ್ನು ಕೇಳಿಯೇ ತಿನ್ನಬೇಕು, ಅವರ ಮೈಯಲ್ಲಿ ಕಬ್ಬಿಣಾಂಶ ಮೊದಲೇ ಜಾಸ್ತಿಯಾಗಿ ಕೂರುತ್ತೆ.

ಆರಿಸಿ ಎಸೆಯೋ ಹೆಂಗಸರನ್ನು 'ತಿಳಿವಳಿಕೆ ಇಲ್ಲ' ಅಂತ ಬೈಯೋದು ಸುಲಭ. ಆದ್ರೆ ಸಾರವರ್ಧಿತ ಅಂತ ತಿಳಿಸೋ '+ಎಫ್' ಗುರುತು ಇರೋದು ಅಂಗಡಿಗೆ ಬರೋ ದೊಡ್ಡ ಮೂಟೆ ಮೇಲೆ. ಜನ ಅಕ್ಕಿ ತುಂಬಿಸ್ಕೊಂಡು ಹೋಗೋದು ಮನೆಯಿಂದ ತಂದ ಚೀಲದಲ್ಲಿ. ಗುರುತು ತಕ್ಕಡಿ ಹತ್ರಾನೇ ಉಳಿಯುತ್ತೆ, ಕಾಳು ಮಾತ್ರ ಮನೆಗೆ ಬರುತ್ತೆ.